ಕಾರು ಕುಡಿದ ನೀರು

ನಮ್ಮ ಅಂಬಾಸಿಡರ್ ಸ್ಟೆಪ್ನಿ ಇಲ್ಲದೆ ಊರು ಬಿಟ್ಟದ್ದುಂಟು, ನೀರಿನ ಕ್ಯಾನು ಇಲ್ಲದೆ ಬಿಟ್ಟದ್ದಿಲ್ಲ. ಡಿಕ್ಕಿಯ ಎಡಮೂಲೆಯಲ್ಲಿ ಅಡುಗೆ ಎಣ್ಣೆಯ ಹಳೇ ಕ್ಯಾನೊಂದು ಸದಾ ತುಂಬಿಕೊಂಡು ಕೂತಿರುತ್ತಿತ್ತು. ಅದರ ಮೇಲೆ ಅಪ್ಪ ಕೆಂಪು ಬಣ್ಣದಲ್ಲಿ ‘ಗಾಡಿಗೆ’ ಎಂದು ಬರೆದಿದ್ದರು. ಬಾಯಾರಿದ ಮಕ್ಕಳು ಅದಕ್ಕೇ ಬಾಯಿ ಹಾಕಿಯಾರು ಎಂಬ ಮುಂಜಾಗ್ರತೆ. ನಾವು ಕುಡಿಯುವ ನೀರು ಅಮ್ಮನ ಕಾಲ ಬಳಿ ಸ್ಟೀಲ್ ಕೂಜದಲ್ಲಿ ಬೇರೆ ಇರುತ್ತಿತ್ತು. ಐದು ಜನರ ಕೂಜ ಗಾಡಿಯ ಕ್ಯಾನಿಗಿಂತ ಚಿಕ್ಕದು.

1990ರ ದಶಕದ ನಡುಭಾಗದ ಮಾತು. ಊರು ಹಿರಿಯೂರು. ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಸರ್ಕಾರಿ ಇಲಾಖೆಯೊಂದು ಹರಾಜಿಗಿಟ್ಟ ಬಿಳಿ ಮಾರ್ಕ್ 4 ಅಂಬಾಸಿಡರನ್ನು ಅವರು ಹಿಡಿದುಕೊಂಡು ಬಂದಾಗ ಅದು ಎಷ್ಟೋ ಅಧಿಕಾರಿಗಳನ್ನು ಕಂಡು ಬಂದಿತ್ತು. ಮೂಲ ನೋಡಿದರೆ ಅದು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1957ರಿಂದ ಅಂಬಾಸಿಡರ್ ಎಂಬ ಹೆಸರಿನಲ್ಲಿ ತಯಾರಾಗುತ್ತ, 2014ರವರೆಗೂ ಬಂತು. 1489 ಸಿಸಿ ಪೆಟ್ರೋಲ್ ಎಂಜಿನ್ನು. ಬಾನೆಟ್ ಎತ್ತಿದರೆ ಎಂಜಿನ್ನಿನ ಎರಡೂ ಪಕ್ಕ ನೆಲ ಕಾಣುವಷ್ಟು ಜಾಗ. ಕೈ ಹಾಕಲು ಜಾಗವಿದ್ದದ್ದರಿಂದಲೇ ನಮ್ಮ ಹಿತ್ತಲಿನ ಹೊಂಗೆಮರದ ಕೆಳಗೆ ಅಪ್ಪನಂಥ ಪಾಠದ ಮೇಷ್ಟ್ರು ಕೂಡ ಪಾನಾ ಹಿಡಿಯುವ ಧೈರ್ಯ ಮಾಡಿದರು.

ಪೆಟ್ರೋಲ್ ಉರಿದು ಹುಟ್ಟುವ ಶಾಖದಲ್ಲಿ ಚಕ್ರಕ್ಕೆ ಸಿಗುವುದು ಸ್ವಲ್ಪ. ದೊಡ್ಡದೊಂದು ಪಾಲು ಸೈಲೆನ್ಸರಿನ ಹೊಗೆಯ ಜೊತೆ ಹೋಗುತ್ತದೆ, ಸುಮಾರು ಮೂರರಲ್ಲೊಂದು ಪಾಲು ಎಂಜಿನ್ನಿನ ಸುತ್ತ ಓಡಾಡುವ ನೀರಿಗೆ ಇಳಿಯುತ್ತದೆ. ಆ ನೀರು ಮೇಲಿನ ಹೋಸ್ ಪೈಪಿನಿಂದ ರೇಡಿಯೇಟರಿಗೆ ಬಂದು, ಸಣ್ಣ ಸಣ್ಣ ಕೊಳವೆಗಳಲ್ಲಿ ಇಳಿಯುತ್ತ ಗಾಳಿಗೆ ಶಾಖ ಬಿಟ್ಟು, ಕೆಳಗಿನ ಪೈಪಿನಿಂದ ಮತ್ತೆ ಎಂಜಿನ್ನಿಗೆ ಹೋಗುತ್ತದೆ. ಇಷ್ಟೇ ಸಂಸಾರ. ನೀರು ಕಡಿಮೆಯಾದರೆ ಅಥವಾ ಕೊಳವೆ ಕಟ್ಟಿಕೊಂಡರೆ ಬಾನೆಟ್ಟಿನಿಂದ ಹೊಗೆಯೋ ಆವಿಯೋ ತಿಳಿಯದಂತೆ ಬುಸುಬುಸು ಏಳುತ್ತದೆ. ‘ಗಾಡಿ ಬಾಯ್ಲ್ ಆಯ್ತು’ ಎನ್ನುವುದು ಆ ಕಾಲದ ಪ್ರವಾಸದ ಮಾಮೂಲಿ ಸುದ್ದಿ.

ಧರ್ಮಸ್ಥಳಕ್ಕೆ ಹೋಗಿ ವಾಪಸು ಚಾರ್ಮಾಡಿ ಘಾಟಿ ಹತ್ತುವಾಗ ಅದು ನಡೆಯುವುದು ನಿಶ್ಚಿತ. ಎರಡನೇ ಗೇರಿನಲ್ಲಿ ಎಂಜಿನ್ನು ಕೂಗುತ್ತಿರುತ್ತದೆ, ಗಾಡಿ ಮಾತ್ರ ನಿಧಾನವಾಗಿ ತೆವಳುತ್ತಿರುತ್ತದೆ. ಶಾಖ ಪೂರ್ತಿ, ಎದುರುಗಾಳಿ ಇಲ್ಲ. ಮೇಲೆ ಹೋದಂತೆ ಇನ್ನೊಂದು ತೊಂದರೆ: ಪ್ರತಿ 300 ಮೀಟರಿಗೆ ನೀರಿನ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡ ಹಿಡಿದಿಟ್ಟುಕೊಂಡು ಆ ಕುದಿಬಿಂದುವನ್ನು ಮೇಲೆತ್ತಬೇಕು. ನಮ್ಮ ಮುಚ್ಚಳದ ಸ್ಪ್ರಿಂಗಿಗೂ ವಾಷರಿಗೂ ವಯಸ್ಸಾಗಿತ್ತು. ಅಣ್ಣಪ್ಪಸ್ವಾಮಿ ಗುಡಿಯ ಆಸುಪಾಸಿನಲ್ಲಿ ಬಾನೆಟ್ ಎತ್ತಿ ನಿಂತ ಗಾಡಿಗಳ ಸಾಲೇ ಇರುತ್ತಿತ್ತು. ಮಳೆಗಾಲದಲ್ಲಿ ರಸ್ತೆ ಬದಿಯ ಬಂಡೆಯಿಂದಲೇ ನೀರು ಇಳಿಯುತ್ತಿದ್ದುದರಿಂದ ಯಾರಿಗೂ ಚಿಂತೆ ಇರಲಿಲ್ಲ. ಅಪ್ಪ ಟವೆಲು ಒದ್ದೆ ಮಾಡಿ ಮುಚ್ಚಳದ ಮೇಲೆ ಹಾಕಿ, ಅರ್ಧ ಸುತ್ತು ತಿರುಗಿಸಿ, ಸುಂಯ್ ಎಂಬ ಸದ್ದು ಪೂರ್ತಿ ಅಡಗುವವರೆಗೂ ಮುಖ ಆಚೆ ತಿರುಗಿಸಿಕೊಂಡು ಕಾಯುತ್ತಿದ್ದರು. ಆಮೇಲೆ ಎಂಜಿನ್ ಓಡಿಸುತ್ತಲೇ ನೀರನ್ನು ಸಣ್ಣಗೆ ಹುಯ್ಯುವುದು. ಕಾದ ಎಂಜಿನ್ನಿಗೆ ತಣ್ಣೀರು ಸುರಿದು ಹೆಡ್ ಸೀಳಿಸಿಕೊಂಡವರ ಕಥೆಗಳು ಡ್ರೈವರುಗಳ ಬಾಯಲ್ಲಿ ಬೇಕಾದಷ್ಟಿದ್ದವು.

ಕಾರಿನ ಚರಿತ್ರೆ ಶುರುವಾದದ್ದೇ ಹೀಗೆ ನೀರು ಬೇಡುತ್ತ. 1888ರಲ್ಲಿ ಬರ್ತಾ ಬೆಂಜ್ ಕಾರು ಕಟ್ಟಿದ್ದ ಗಂಡನಿಗೂ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟರಲ್ಲ, ಆ ಗಾಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುವುದರಿಂದಲೇ ಎಂಜಿನ್ನು ತಣ್ಣಗಾಗಬೇಕಿತ್ತು. ಆ ತಾಯಿ ದಾರಿಯುದ್ದಕ್ಕೂ ಸಿಕ್ಕಸಿಕ್ಕ ಕಡೆ ನೀರು ತುಂಬಿಸಿಕೊಂಡೇ ಸಾಗಿದರು. ಮುಂದೆ ವಿಲ್ಹೆಲ್ಮ್ ಮೈಬಾಖ್ ಎಂಬ ಎಂಜಿನಿಯರ್ 1901ರ ಮರ್ಸಿಡಿಸ್ ಕಾರಿಗೆ ಆರು ಮಿಲಿಮೀಟರ್ ಚೌಕದ 8,070 ಪುಟ್ಟ ಕೊಳವೆಗಳನ್ನು ಬೆಸೆದ ರೇಡಿಯೇಟರ್ ಕೂರಿಸಿದರು. ಗಾಳಿ ಸೋಕುವ ಜಾಗ ಹೆಚ್ಚಿದ್ದರಿಂದ ಮೊದಲು 18 ಲೀಟರ್ ನೀರು ಬೇಕಾಗುತ್ತಿದ್ದಲ್ಲಿ 9 ಲೀಟರ್ ಸಾಕಾಯಿತು. ಅಂದಿನಿಂದ ಇಂದಿನವರೆಗೆ ಕಾರು ಮಾಡುವವರು ದಾರಿಯಲ್ಲಿ ನೀರು ಬೇಡುವುದನ್ನು ಒಂದೊಂದು ಹೆಜ್ಜೆ ಕಡಿಮೆ ಮಾಡಿಕೊಂಡೇ ಬಂದಿದ್ದಾರೆ. ನಮ್ಮ ಅಂಬಾಸಿಡರ್ ಆ ಲೆಕ್ಕದಲ್ಲಿ ತುಂಬ ಹಿಂದಕ್ಕೆ ಹೋಗಿ ನಿಂತಿತ್ತು.

ಮಲೆನಾಡಿನಲ್ಲಿ ಬೇಡುವುದು ಸಲೀಸು. ನಮ್ಮ ಕಡೆ ಹಾಗಲ್ಲ.

ಪಾವಗಡದ ಕಡೆ ಅತ್ತೆಯ ಊರು. ಬೇಸಿಗೆಯಲ್ಲಿ ಯಾವುದೋ ಮದುವೆಗೆಂದು ಹೊರಟವರು ನಡುದಾರಿಯಲ್ಲಿ ನಿಂತೆವು. ಕ್ಯಾನಿನ ನೀರು ಆಗಲೇ ಮುಗಿದಿತ್ತು. ಕಣ್ಣು ಹಾಯುವಷ್ಟು ದೂರ ಜಾಲಿ, ಕಲ್ಲುಗುಡ್ಡ, ಒಣಗಿದ ಕಡಲೆಕಾಯಿ ಹೊಲ. ರಸ್ತೆಯಿಂದ ಸ್ವಲ್ಪ ಒಳಗೆ ನಾಲ್ಕೈದು ಮನೆ. ಅಪ್ಪ ಕ್ಯಾನು ಹಿಡಿದು ಹೊರಟರು, ನಾನೂ ಹಿಂದೆ ಹೋದೆ. ಮೊದಲ ಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಅಪ್ಪ ಸಂಕೋಚದಿಂದಲೇ ಕೇಳಿದರು.

“ಗಾಡಿ ಕಾದು ನಿಂತೈತೆ ಕಣಮ್ಮ. ಒಂದ್ ಸ್ವಲ್ಪ ನೀರಿದ್ರೆ...”

ಅಜ್ಜಿ ಒಳಗೆ ಹೋಗಿ ಒಂದು ಕೊಡ ಎತ್ತಿಕೊಂಡು ಬಂದರು. ಅಷ್ಟು ಹೊತ್ತಿಗೆ ಸೊಸೆ ಬಾಗಿಲಿಗೆ ಬಂದು ನಿಂತಿದ್ದಳು. ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಕೊಡವನ್ನೇ ನೋಡುತ್ತಿದ್ದಳು. ಆ ನೀರು ಎಲ್ಲಿಂದ ಬಂದದ್ದು ಎಂದು ಅಪ್ಪ ವಿಚಾರಿಸಿದರು. ಊರಾಚೆಯ ಬೋರಿನಿಂದ, ಕರೆಂಟು ಬಂದ ಹೊತ್ತಿನಲ್ಲಿ, ಸರದಿಯಲ್ಲಿ ನಿಂತು ತಂದದ್ದು. ಅಪ್ಪ ಬೇಡ ಎಂದರೂ ಅಜ್ಜಿ ಕೇಳಲಿಲ್ಲ. “ತಗಳಪ್ಪ, ಹೆಂಗಸ್ರು ಮಕ್ಳು ಬಿಸ್ಲಾಗೆ ಕುಂತವ್ರೆ” ಎಂದು ಕ್ಯಾನಿಗೆ ತಾವೇ ಬಗ್ಗಿಸಿದರು. ಒಂದು ಮನೆಯ ಸಂಜೆಯ ಅಡುಗೆಗಿದ್ದ ನೀರು ಮರುಕ್ಷಣ ನಮ್ಮ ರೇಡಿಯೇಟರಿನಲ್ಲಿತ್ತು, ಅದರಲ್ಲಿ ಒಂದಷ್ಟು ಕೆಳಗಿನ ಸೀಳಿನಿಂದ ತೊಟ್ಟಿಕ್ಕಿ ರಸ್ತೆಯ ಧೂಳಿನಲ್ಲಿ ಇಂಗಿಹೋಯಿತು. ಅತ್ತೆಯ ಊರು ತಲುಪುವವರೆಗೂ ಅಪ್ಪ ಮಾತಾಡಲಿಲ್ಲ. ಇಳಿಯುವಾಗ ಅಮ್ಮನಿಗೆ ಹೇಳಿದ್ದು ಒಂದೇ ಮಾತು: “ಇನ್ನ ಇದಕ್ಕೆ ಒಬ್ಬರ ಮನೆ ನೀರು ಕೇಳಾಕೆ ನನ್ನಿಂದ ಆಗಲ್ಲ ಕಣೇ.”

ಅದುವರೆಗೆ ತೇಪೆ ಹಾಕುವುದೇ ನಡೆದಿತ್ತು. ಮೊದಲ ಮದ್ದು ಅಡುಗೆಮನೆಯದು: ಅರಿಸಿನ. ರೇಡಿಯೇಟರ್ ಸೋರುತ್ತಿದ್ದರೆ ಒಂದು ಹಿಡಿ ಅರಿಸಿನಪುಡಿ ಒಳಗೆ ಹಾಕುವುದು ದೇಶದ ಉದ್ದಗಲಕ್ಕೂ ಡ್ರೈವರುಗಳು ಬಲ್ಲ ಉಪಾಯ. ಪುಡಿ ನೀರಿನ ಜೊತೆ ಸುತ್ತುತ್ತ ಸಣ್ಣ ಬಿರುಕಿಗೆ ಹೋಗಿ ತುಂಬಿಕೊಳ್ಳುತ್ತದೆ, ಸದ್ಯಕ್ಕೆ ಸೋರಿಕೆ ನಿಲ್ಲುತ್ತದೆ. ಅದೇ ಪುಡಿ ಬಿರುಕನ್ನು ಮಾತ್ರ ಹುಡುಕಿಕೊಂಡು ಹೋಗುವುದಿಲ್ಲ ಎಂಬುದು ಬೇರೆ ಮಾತು. ಅದಾದ ಮೇಲೆ ಹೊರಗಿನಿಂದ ಎಂ-ಸೀಲ್ ಮೆತ್ತಿದ್ದಾಯಿತು. ಅದಕ್ಕೂ ಬಗ್ಗದಾಗ ಬಸ್ ಸ್ಟ್ಯಾಂಡ್ ಹಿಂದಿನ ರೇಡಿಯೇಟರ್ ಸಾಬರ ಹತ್ತಿರ.

ಅವರ ತಂದೆ ಊರೂರು ತಿರುಗಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರಂತೆ. ಸ್ಟೀಲ್ ಬಂದು ಕಲಾಯಿ ಸತ್ತ ಮೇಲೆ ಮಗ ಅದೇ ನವಸಾಗರ, ಅದೇ ತವರ, ಅದೇ ಬೆಂಕಿಯ ಜೊತೆ ಸೀಸವನ್ನೂ ಇಟ್ಟುಕೊಂಡು ರೇಡಿಯೇಟರಿಗೆ ತಿರುಗಿದ್ದರು. ಆಗಿನ ರೇಡಿಯೇಟರ್ ಎಂದರೆ ತಾಮ್ರ ಮತ್ತು ಹಿತ್ತಾಳೆ, ಹಾಗಾಗಿ ಬೆಸುಗೆಗೆ ಒಗ್ಗುತ್ತಿತ್ತು. ಎರಡು ಬಾಯಿಗೂ ಬಿರಡೆ ಹೊಡೆದು, ಒಳಗೆ ಗಾಳಿ ತುಂಬಿ, ಸಿಮೆಂಟು ತೊಟ್ಟಿಯಲ್ಲಿ ಮುಳುಗಿಸಿದರೆ ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ತೂತು. ಬ್ಲೋ ಲ್ಯಾಂಪಿನ ನೀಲಿ ಜ್ವಾಲೆಯಲ್ಲಿ ಮೇಲಿನ ಟ್ಯಾಂಕಿನ ಬೆಸುಗೆ ಕರಗಿಸಿ, ಟ್ಯಾಂಕನ್ನು ಬಿಡಿಸಿ ಪಕ್ಕಕ್ಕಿಟ್ಟು, ಒಂದೊಂದೇ ಕೊಳವೆಗೆ ಚಪ್ಪಟೆ ಕಂಬಿ ತೂರಿಸಿ ಕೊಳೆ ಕೆಡವುತ್ತಿದ್ದರು. ಅದಕ್ಕೆ ರಾಡಿಂಗ್ ಎನ್ನುತ್ತಿದ್ದರು. ಕೊನೆಯ ಸಲ ಕಂಬಿ ಅರ್ಧಕ್ಕೇ ನಿಂತಿತು. ಒತ್ತಿ ತಳ್ಳಿದಾಗ ಕೊಳವೆಯ ಗೋಡೆಯೇ ಒಡೆಯಿತು. ಸಾಬರು ಕಂಬಿ ಕೆಳಗಿಟ್ಟು, “ಮೇಷ್ಟ್ರೇ, ಇದರಲ್ಲಿ ತಾಮ್ರಕ್ಕಿಂತ ನನ್ನ ಸೀಸಾನೇ ಜಾಸ್ತಿ ಐತೆ. ನಾನು ಇನ್ನ ದುಡ್ಡು ತಗೊಂಡ್ರೆ ಅದು ಹರಾಮ್” ಎಂದರು. ದುಡಿಮೆ ಕೈಬಿಟ್ಟು ಸತ್ಯ ಹೇಳಿದವರೆಂದು ಅಪ್ಪ ಅವರನ್ನು ಕೊನೆಯವರೆಗೂ ನೆನೆಯುತ್ತಿದ್ದರು.

ಹೊಸ ರೇಡಿಯೇಟರ್ ತರಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆವು. ಆ ರಸ್ತೆಯ ಎರಡೂ ಬದಿಯ ಅಂಗಡಿಗಳಲ್ಲಿ ಬಿಚ್ಚಿಟ್ಟ ಕಾರುಗಳನ್ನು ಪೂರ್ತಿ ಕೊಂಡು ಜೋಡಿಸಿಬಿಡಬಹುದು ಅನ್ನಿಸುತ್ತಿತ್ತು. ರೇಡಿಯೇಟರ್, ಹೊಸ ಮುಚ್ಚಳ, ಎರಡು ಹೋಸ್ ಪೈಪು, ಕ್ಲಿಪ್ಪು, ಫ್ಯಾನ್ ಬೆಲ್ಟು, ಥರ್ಮೋಸ್ಟ್ಯಾಟಿನ ಗ್ಯಾಸ್ಕೆಟ್ಟು, ಒಂದು ಡಬ್ಬ ಹಸಿರು ಕೂಲೆಂಟು. ಕೂಲೆಂಟ್ ನೋಡಿ ಜೊತೆಗೆ ಬಂದಿದ್ದ ಚಿಕ್ಕಪ್ಪ ನಕ್ಕರು. “ಅಣ್ಣಾ, ಅದು ಹಿಮ ಬೀಳೋ ದೇಶದೋರಿಗೆ. ಹಿರಿಯೂರಲ್ಲಿ ಎಲ್ಲಿ ನೀರು ಹೆಪ್ಪುಗಟ್ತೈತೆ?” ಅಪ್ಪ ಡಬ್ಬದ ಮೇಲಿನ ಸಣ್ಣಕ್ಷರ ಓದುತ್ತಲೇ ಉತ್ತರಿಸಿದರು: ಹೆಪ್ಪುಗಟ್ಟದಂತೆ ತಡೆಯುವ ಎಥಿಲೀನ್ ಗ್ಲೈಕಾಲೇ ಕುದಿಯುವುದನ್ನೂ ಮುಂದೂಡುತ್ತದೆ, ಜೊತೆಗಿರುವ ರಾಸಾಯನಿಕ ತುಕ್ಕನ್ನು ತಡೆಯುತ್ತದೆ. ವಾಪಸು ಬರುವಾಗ ರೇಡಿಯೇಟರನ್ನು ಬಸ್ಸಿನ ಮೇಲೆ ಹಾಕಲು ಅಪ್ಪ ಒಪ್ಪಲಿಲ್ಲ. ರೆಕ್ಕೆಯಷ್ಟು ತೆಳುವಾದ ತಾಮ್ರದ ಪಟ್ಟಿಗಳು ಹೆಬ್ಬೆರಳು ಒತ್ತಿದರೆ ಮಡಿಚಿಕೊಳ್ಳುತ್ತವೆ. ತೊಡೆಯ ಮೇಲೇ ಇಟ್ಟುಕೊಂಡು ಬಂದೆವು. ಕಂಡಕ್ಟರ್ ಅದಕ್ಕೆ ಲಗೇಜ್ ಟಿಕೆಟ್ ಹರಿದ.

ಬದಲಾಯಿಸುವ ಕೆಲಸ ಬೇಸಿಗೆ ರಜೆಯಲ್ಲಿ ನಡೆಯಿತು. ಹಿಂದಿನ ರಾತ್ರಿಯೇ ಎಲ್ಲ ಬೋಲ್ಟುಗಳ ಬುಡಕ್ಕೆ ಸೀಮೆಎಣ್ಣೆ ಬಿಟ್ಟಿದ್ದೆವು. ಬೆಳಿಗ್ಗೆ ಎಂಜಿನ್ನು ಮುಟ್ಟಿದರೆ ತಣ್ಣಗಿತ್ತು. ಬ್ಯಾಟರಿಯ ವೈರು ಕಳಚಿ, ಮುಚ್ಚಳ ತೆಗೆದು, ತಳದ ನಲ್ಲಿ ತಿರುಗಿಸಿದರೆ ಒಂದು ಹನಿಯೂ ಬರಲಿಲ್ಲ. ನಲ್ಲಿಯ ಬಾಯಿಗೆ ಸೈಕಲ್ ಕಡ್ಡಿ ಚುಚ್ಚಿದಾಗ ಮೊದಲು ಕೆಸರು, ಆಮೇಲೆ ಚಹಾದ ಬಣ್ಣದ ನೀರು, ಕೊನೆಯಲ್ಲಿ ಹಳದಿ ಗಸಿ. “ನನ್ನ ಅರಿಸಿನ” ಎಂದು ಅಮ್ಮ ಗುರುತು ಹಿಡಿದಳು.

ಮೇಲಿನ ಹೋಸು ಸುಲಭಕ್ಕೆ ಬಂತು. ಕೆಳಗಿನದು ವರ್ಷಗಳ ಶಾಖಕ್ಕೆ ಬೆಂದು ಹಿತ್ತಾಳೆಯ ಕತ್ತಿಗೆ ಅಂಟಿಕೊಂಡಿತ್ತು. ಚಿಕ್ಕಪ್ಪ ತಿರುಚಿ ಎಳೆಯಲು ಹೋದರೆ ಅಪ್ಪ ತಡೆದು, ಬ್ಲೇಡಿನಲ್ಲಿ ರಬ್ಬರನ್ನು ಉದ್ದಕ್ಕೆ ಸೀಳಿ ಬಿಡಿಸಿದರು. ಹಳೇ ರೇಡಿಯೇಟರಿನ ಕತ್ತು ಮುರಿದರೆ ನಷ್ಟವಿಲ್ಲ, ಆದರೆ ಅದೇ ಹೋಸಿನ ಇನ್ನೊಂದು ತುದಿ ವಾಟರ್ ಪಂಪಿಗೆ ಅಂಟಿತ್ತು. ಬೋಲ್ಟುಗಳ ಸರದಿ ಬಂದಾಗ ಪಕ್ಕದ ಮನೆಯ ಕೆಎಸ್ಸಾರ್ಟಿಸಿ ಡ್ರೈವರು ತಮ್ಮ 13ರ ಸ್ಪ್ಯಾನರ್ ತಂದುಕೊಟ್ಟರು. ಅಂಬಾಸಿಡರಿನದು ಬ್ರಿಟಿಷರ ಕಾಲದ ಇಂಚಿನ ಲೆಕ್ಕ. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್, 13ರ ಸ್ಪ್ಯಾನರ್ ಕೂರುತ್ತದೆ, ಬಿಗಿಯಾಗಿ ಕೂರುವುದಿಲ್ಲ. ತುಕ್ಕು ಹಿಡಿದ ಬೋಲ್ಟಿಗೆ ಆ ಕೂದಲೆಳೆಯ ಸಡಿಲ ಸಾಕು, ತಲೆ ಸವೆದು ದುಂಡಗಾಗುತ್ತದೆ. ಒಂದು ಹಾಗೇ ಆಯಿತು, ಅದನ್ನು ಉಳಿ-ಸುತ್ತಿಗೆಯಲ್ಲಿ ಹೊಡೆದು ತಿರುಗಿಸಬೇಕಾಯಿತು. ಆಮೇಲೆ ಅಪ್ಪ ಅರ್ಧ ಇಂಚಿನದನ್ನು ಎಲ್ಲಿಂದಲೋ ಎರವಲು ತಂದರು.

ಹಳೇ ರೇಡಿಯೇಟರ್ ಎತ್ತಿ ಹೊಂಗೆಯ ಬುಡಕ್ಕೆ ಒರಗಿಸಿದಾಗ ಅದರ ಮುಖದ ತುಂಬ ಒಣಗಿದ ಮಿಡತೆ, ಹಾತೆ, ಹುಲ್ಲಿನ ಬೀಜ, ಕಾಗದದ ಚೂರು. ಗಾಳಿ ನುಗ್ಗಬೇಕಾದ ಸಂದಿಗಳಲ್ಲಿ ಎಷ್ಟೋ ಮುಚ್ಚಿಹೋಗಿದ್ದವು. ಹೊರಗೆ ಹೀಗೆ, ಒಳಗೆ ಹೇಗೆ ಎಂದು ನೋಡಲು ಅಪ್ಪ ಹ್ಯಾಕ್ಸಾದಲ್ಲಿ ಅದರ ಒಂದು ಮೂಲೆಯನ್ನು ಕುಯ್ದರು. ಕೊಳವೆಗಳ ಬಾಯಿ ನೋಡಿ ನಾವೆಲ್ಲ ಸುಮ್ಮನಾದೆವು. ಒಳಮೈಗೆ ಬಿಳಿ-ಕಂದು ಹಕ್ಕಳೆ ಕಟ್ಟಿ, ಕೆಲವು ಕೊಳವೆಗಳಲ್ಲಿ ಗುಂಡುಸೂಜಿ ತೂರುವಷ್ಟೂ ಜಾಗವಿರಲಿಲ್ಲ.

ಅಮ್ಮ ಬಂದು ಉಗುರಿನಲ್ಲಿ ಕೆರೆದು ನೋಡಿದಳು. “ಬಚ್ಚಲು ಹಂಡೆ ತಳದಾಗೆ ಇರೋದೂ ಇದೇ ಅಲ್ವೇನ್ರೀ? ಬೋರ್ ನೀರು. ಅದ್ರಾಗೆ ಬೇಳೇನೇ ಬೇಯಲ್ಲ, ನಿಮ್ ಕಾರು ಹೆಂಗೆ ತಡ್ಕೊಂತದೆ?”

ಮಾರಿಕಣಿವೆ ಜಲಾಶಯದ ನೀರು ನಲ್ಲಿಯಲ್ಲಿ ಬಂದ ದಿನ ತೊಗರಿಬೇಳೆ ಬೇಗ ಬೇಯುತ್ತದೆ, ಸೋಪು ನೊರೆ ಬರುತ್ತದೆ. ಬೋರ್ ನೀರಿನ ದಿನ ಎರಡೂ ಇಲ್ಲ. ಇದು ಅಮ್ಮನಿಗೆ ದಿನನಿತ್ಯದ ಜ್ಞಾನ. ಅಪ್ಪ ಇದನ್ನೇ ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದು ಪಾಠ ಮಾಡುತ್ತಿದ್ದರು: ತಾತ್ಕಾಲಿಕ ಗಡಸುತನ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾಯಿಸಿದಾಗ ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳ ಹಿಡಿಯುತ್ತದೆ. ಆ ಸುಣ್ಣದ ಪದರ ಶಾಖ ಸಾಗಿಸುವುದರಲ್ಲಿ ತಾಮ್ರದ ನೂರರಲ್ಲೊಂದು ಪಾಲಿಗೂ ಸಮವಿಲ್ಲ.

ಅಪ್ಪ ಅಲ್ಲೇ ನೆಲದ ಮೇಲೆ ಕಡ್ಡಿಯಲ್ಲಿ ಲೆಕ್ಕ ಹಾಕಿದರು. ಬೋರ್ ನೀರಿನ ಲೀಟರಿನಲ್ಲಿ ಅರ್ಧ ಗ್ರಾಂ ಸುಣ್ಣ ಇದೆ ಅಂತಿಟ್ಟುಕೋ. ಕುಡಿಯುವ ನೀರಿನ ಈಗಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 600ರವರೆಗೆ ನಡೆಯುತ್ತದೆ. ಆದ್ದರಿಂದ ಅರ್ಧ ಗ್ರಾಂ ನಮ್ಮ ಬಯಲುಸೀಮೆಗೆ ದೊಡ್ಡ ಮಾತಲ್ಲ. ರೇಡಿಯೇಟರೂ ಎಂಜಿನ್ನೂ ಸೇರಿ ಎಂಟು ಲೀಟರ್ ಹಿಡಿದರೆ, ಒಂದು ಸಲ ತುಂಬಿ ಹಾಗೇ ಬಿಟ್ಟರೆ ಇಳಿಯುವ ಸುಣ್ಣ ಹೆಚ್ಚೆಂದರೆ ನಾಲ್ಕು ಗ್ರಾಂ. ಅದರಿಂದ ಏನೂ ಆಗದು. ಆದರೆ ದಿನಕ್ಕೆ ಒಂದು ಲೀಟರ್ ಆವಿಯಾಗಿ ಹೋಗಿ, ಅದರ ಜಾಗಕ್ಕೆ ದಿನವೂ ಹೊಸ ನೀರು ಹುಯ್ದರೆ? ವರ್ಷಕ್ಕೆ ಸುಮಾರು 180 ಗ್ರಾಂ. ಆವಿ ಹೋಗುವಾಗ ಸುಣ್ಣವನ್ನು ಕರೆದುಕೊಂಡು ಹೋಗುವುದಿಲ್ಲ.

ಆಗ ಎಲ್ಲ ಒಂದಕ್ಕೊಂದು ಕೂಡಿಕೊಂಡವು. ಮುಚ್ಚಳ ಸಡಿಲವಾಗಿತ್ತು, ನೀರು ಬೇಗ ಕುದಿಯಿತು. ಕುದಿದು ಹೋದದ್ದಕ್ಕೆ ನೀರು ಹುಯ್ದರು, ಅದರಿಂದ ಸುಣ್ಣ ಇಳಿಯಿತು. ಸುಣ್ಣ ಇಳಿದಷ್ಟೂ ಶಾಖ ಹೊರಗೆ ಹೋಗಲಿಲ್ಲ, ಇನ್ನೂ ಬೇಗ ಕುದಿಯಿತು. ಇನ್ನಷ್ಟು ನೀರು ಹುಯ್ದರು. ಪಾವಗಡದ ಬೋರು, ಟೀ ಅಂಗಡಿಯ ಡ್ರಮ್ಮು, ಪೆಟ್ರೋಲ್ ಬಂಕಿನ ತೊಟ್ಟಿ, ದಾರಿಯಲ್ಲಿ ಯಾರು ಯಾರು ಪ್ರೀತಿಯಿಂದ ಕೊಟ್ಟರೋ ಅವರೆಲ್ಲರ ನೀರಿನ ಸುಣ್ಣ ಅಲ್ಲಿ ಕೂತಿತ್ತು. ಇಲಾಖೆಯ ಕಾಲದಿಂದಲೂ ಹೀಗೇ ನಡೆದಿರಬೇಕು. ಮೂಲದಲ್ಲಿ ಕೈಕೊಟ್ಟದ್ದು ಕೆಲವೇ ರೂಪಾಯಿಯ ಒಂದು ಮುಚ್ಚಳ ಇದ್ದರೂ ಇರಬಹುದು.

ಅಷ್ಟು ತಿಳಿದ ಮೇಲೆ ಉಳಿದ ಕೆಲಸಕ್ಕೊಂದು ದಿಕ್ಕು ಸಿಕ್ಕಿತು. ಹೊಸದನ್ನು ಕೂರಿಸುವ ಮುಂಚೆ ಎಂಜಿನ್ನಿನ ಒಳಗೆ ಹೋಸ್ ಪೈಪಿಟ್ಟು, ನೀರು ಮಾಮೂಲಿಯಾಗಿ ಹರಿಯುವ ದಿಕ್ಕಿಗೆ ವಿರುದ್ಧವಾಗಿ ಹಾಯಿಸಿದೆವು, ತಿಳಿ ಬರುವವರೆಗೆ. ಪಕ್ಕದ ಮನೆಯ ಡ್ರೈವರು, ಎಂಜಿನ್ನು ಬಿಸಿಯಾಗುವವರೆಗೆ ನೀರನ್ನು ತಡೆಹಿಡಿಯುವ ಥರ್ಮೋಸ್ಟ್ಯಾಟ್ ನೋಡಿ, “ಕಿತ್ತಾಕಿ ಮೇಷ್ಟ್ರೇ, ನಮ್ ಬಿಸ್ಲಿಗೆ ಅದು ಯಾತಕ್ಕೆ?” ಎಂದರು. ಎಷ್ಟೋ ಗ್ಯಾರೇಜುಗಳ ಅಭಿಪ್ರಾಯವೂ ಅದೇ. ಅಪ್ಪ ಅದನ್ನು ಒಂದು ಪಾತ್ರೆ ನೀರಿನಲ್ಲಿ ಮುಳುಗಿಸಿ, ಶಾಲೆಯ ಲ್ಯಾಬಿನ ಥರ್ಮಾಮೀಟರ್ ಇಳಿಬಿಟ್ಟು ಒಲೆಯ ಮೇಲಿಟ್ಟರು. 80 ಡಿಗ್ರಿಯ ಆಸುಪಾಸಿನಲ್ಲಿ ಅದರ ಬಾಗಿಲು ಮೆಲ್ಲಗೆ ತೆರೆಯಿತು, ಆರಿಸಿದಾಗ ಮುಚ್ಚಿಕೊಂಡಿತು. “ಸರಿಯಾಗಿ ಕೆಲಸ ಮಾಡೋನನ್ನ ಯಾಕೆ ಮನೆಗೆ ಕಳಿಸಬೇಕು?” ಎಂದು ಹೊಸ ಗ್ಯಾಸ್ಕೆಟ್ ಹಾಕಿ ಅದನ್ನೇ ಕೂರಿಸಿದರು. ಎಂಜಿನ್ನು ಬೇಗ ಬಿಸಿಯಾಗಿ ಆ ಬಿಸಿಯಲ್ಲೇ ನಿಂತರೆ ಸವೆತವೂ ಕಡಿಮೆ, ಪೆಟ್ರೋಲೂ ಕಡಿಮೆ. ಪಾತ್ರೆ ಮಾತ್ರ ಮತ್ತೆ ಅಡುಗೆಮನೆಗೆ ಪ್ರವೇಶ ಪಡೆಯಲಿಲ್ಲ.

ಹೊಸ ರೇಡಿಯೇಟರ್ ಇಳಿಸುವಾಗ ಫ್ಯಾನಿನ ರೆಕ್ಕೆಗಳ ಮುಂದೆ ಒಂದು ರಟ್ಟು ಅಡ್ಡ ಹಿಡಿಯುವುದು ನನ್ನ ಪಾಲಿನ ಕೆಲಸ. ಬೋಲ್ಟುಗಳನ್ನು ಎಲ್ಲವನ್ನೂ ಮೊದಲು ಕೈಯಲ್ಲಿ ಹಿಡಿಸಿ, ಆಮೇಲೆ ಒಂದೊಂದಾಗಿ ಬಿಗಿ ಮಾಡಿದೆವು. ಬೆಲ್ಟನ್ನು ನಡುವೆ ಒತ್ತಿದರೆ ಅರ್ಧ ಇಂಚು ಬಗ್ಗುವಷ್ಟು ಎಳೆದು ಕಟ್ಟಿದ್ದಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದಿತ್ತು. ಆದರೆ ಅಪ್ಪ ನೀರು ಹಾಕಲು ಬಿಡಲಿಲ್ಲ.

“ಮಳೆ ಬರಲಿ” ಎಂದರು.

ಬೀದಿಯವರೆಲ್ಲ ನಕ್ಕರು. ಕಾರು ಒಣ ಹೊಟ್ಟೆಯಲ್ಲಿ ಹೊಂಗೆಯ ಕೆಳಗೆ ನಿಂತೇ ಇತ್ತು. ಅಪ್ಪ ಸೈಕಲ್ಲಿನಲ್ಲಿ ಓಡಾಡಿದರು. ಕೃತ್ತಿಕೆ ಮಳೆ ಒಂದು ಸಂಜೆ ಗುಡುಗು ಸಿಡಿಲಿನೊಂದಿಗೆ ಬಂದಾಗ, ಹಂಚಿನ ಧೂಳೆಲ್ಲ ತೊಳೆದು ಹೋಗುವವರೆಗೆ ಕಾದು, ಆಮೇಲೆ ಸೂರಿನ ಕೆಳಗೆ ತಪ್ಪಲೆ, ಬಕೆಟ್ಟು, ಕೊಡಪಾನಗಳನ್ನು ಸಾಲಾಗಿಟ್ಟೆವು. ಅರ್ಧ ಅಮ್ಮ ಬೇಳೆ ಬೇಯಿಸಲು ಎತ್ತಿಟ್ಟುಕೊಂಡಳು, ಅರ್ಧ ಬಟ್ಟೆಯಲ್ಲಿ ಸೋಸಿ ಕೂಲೆಂಟ್ ಜೊತೆ ಬೆರೆಸಿ ಗಾಡಿಗೆ. ಮುಚ್ಚಳ ತೆಗೆದಿಟ್ಟು ಎಂಜಿನ್ ಓಡಿಸಿದಾಗ ಸ್ವಲ್ಪ ಹೊತ್ತು ಬರೀ ಗುಳ್ಳೆಗಳು. ಒಮ್ಮೆಲೇ ಹಸಿರು ನೀರು ಗಳಕ್ಕನೆ ಕೆಳಗಿಳಿಯಿತು, ತಣ್ಣಗಿದ್ದ ಮೇಲಿನ ಹೋಸು ಮುಟ್ಟಲಾರದಷ್ಟು ಬಿಸಿಯಾಯಿತು. “ಬಾಗಿಲು ತೆಗೀತು ನೋಡು!” ಎಂದು ಅಪ್ಪ ಕೂಗಿದರು. ಮೇಲಿನವರೆಗೂ ತುಂಬಿಸಿ ಹೊಸ ಮುಚ್ಚಳ ಹಾಕಿದೆವು.

ಆಮೇಲೆ ನಮ್ಮ ಗಾಡಿ ಯಾರ ಮನೆಯ ನೀರನ್ನೂ ಕೇಳಲಿಲ್ಲ. ಕ್ಯಾನು ಡಿಕ್ಕಿಯಲ್ಲಿ ಹಾಗೇ ಇತ್ತು; ದಾರಿಯಲ್ಲಿ ಬಾನೆಟ್ ಎತ್ತಿ ನಿಂತವರನ್ನು ಕಂಡರೆ ಅಪ್ಪ ನಿಲ್ಲಿಸಿ ಕೊಟ್ಟು, ಜೊತೆಗೆ ಮುಚ್ಚಳ ಬದಲಾಯಿಸಿ ಎಂಬ ಬುದ್ಧಿವಾದವನ್ನೂ ಹೇಳಿ ಹೊರಡುತ್ತಿದ್ದರು. ಹಳೇ ಕಾಲದಲ್ಲಿ ದಾರಿಹೋಕರು ಮನೆಮನೆಯಲ್ಲಿ ನೀರು ಕೇಳುತ್ತಿದ್ದರು, ಮನುಷ್ಯ ಸಂಬಂಧ ಬೆಳೆಯುತ್ತಿತ್ತು ಎಂದು ಯಾರಾದರೂ ಹೊಗಳುವಾಗ ನನಗೆ ಬಾಗಿಲಲ್ಲಿ ನಿಂತಿದ್ದ ಆ ಸೊಸೆಯ ಕಣ್ಣು ಕಾಣುತ್ತದೆ. ಕೊಟ್ಟವರ ಉದಾರತೆ ದೊಡ್ಡದೇ. ಅದನ್ನು ಪದೇ ಪದೇ ಕೇಳುವಂತೆ ಮಾಡದ ಯಂತ್ರ ಅದಕ್ಕಿಂತ ಮರ್ಯಾದೆಯದು.

ಈಗಿನ ಕಾರುಗಳು ಆ ಮಟ್ಟಿಗೆ ಮರ್ಯಾದಸ್ಥರು. ಕಾದು ಉಕ್ಕಿದ್ದನ್ನು ಪಕ್ಕದ ಬಾಟಲಿಯಲ್ಲಿ ಹಿಡಿದಿಟ್ಟುಕೊಂಡು ತಣಿದ ಮೇಲೆ ವಾಪಸು ಎಳೆದುಕೊಳ್ಳುತ್ತವೆ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನನ್ನ ಸಣ್ಣ ಕಾರಿನ ರೇಡಿಯೇಟರನ್ನು ನಾನೇ ಬದಲಾಯಿಸಿದ್ದು ಕೆಲವು ವರ್ಷದ ಹಿಂದೆ. ಅಲ್ಯೂಮಿನಿಯಂ ಕೊಳವೆ, ಎರಡು ಕಡೆ ಪ್ಲಾಸ್ಟಿಕ್ ಟ್ಯಾಂಕು. ಪ್ಲಾಸ್ಟಿಕ್ ವಯಸ್ಸಿಗೆ ಗಡುಸಾಗಿ ಅಂಚಿನಲ್ಲಿ ಸೀಳಿತ್ತು. ಇದಕ್ಕೆ ಬೆಸುಗೆಯೂ ಇಲ್ಲ, ರಾಡಿಂಗೂ ಇಲ್ಲ. ಸಾಬರಂಥವರಿಗೆ ಇದರಲ್ಲಿ ಕೈ ಇಡಲು ಜಾಗವಿಲ್ಲ. ಬಂಪರ್ ಕಳಚಬೇಕು, ಎಲೆಕ್ಟ್ರಿಕ್ ಫ್ಯಾನಿನ ಸಾಕೆಟ್ಟು ಬಿಡಿಸಬೇಕು, ಎ.ಸಿ.ಯ ಕಂಡೆನ್ಸರಿಗೆ ನೋವಾಗದಂತೆ ಒಂದು ಬೆರಳಗಲದ ಸಂದಿಯಲ್ಲಿ ಎತ್ತಬೇಕು. ಇಳಿಸಿದ ಕೂಲೆಂಟನ್ನು ಮೋರಿಗೆ ಬಿಡಲಾಗದು. ಗ್ಲೈಕಾಲ್ ಸಿಹಿಯಾಗಿರುತ್ತದೆ, ಬೀದಿನಾಯಿ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಹಾಗಾಗಿ ಮುಚ್ಚಿದ ಡಬ್ಬದಲ್ಲಿ ತುಂಬಿ ಪಕ್ಕಕ್ಕಿಟ್ಟೆ.

ಹೊಸದು ಕೂರಿಸಿ, ಕೂಲೆಂಟಿಗೆ ಬೆರೆಸಲು ಡಿಸ್ಟಿಲ್ಡ್ ವಾಟರ್ ಕ್ಯಾನಿನ ಬಿರಡೆ ತೆಗೆಯುತ್ತಿದ್ದೆ. ಅಷ್ಟರಲ್ಲಿ ವಾಚ್‌ಮನ್ ಒಂದು ಬಕೆಟ್ ನೀರು ಹಿಡಿದುಕೊಂಡು ಬಂದರು. ಕೊಪ್ಪಳದ ಕಡೆಯವರು, ಪ್ರಾಯದಲ್ಲಿ ಲಾರಿ ಓಡಿಸಿದವರು. ರೇಡಿಯೇಟರ್ ಕಂಡೊಡನೆ ಕೈ ತಾನಾಗಿಯೇ ಬಕೆಟ್ಟಿಗೆ ಹೋಗಿತ್ತು.

“ಈ ನೀರು ಬೇಡ ಯಜಮಾನ್ರೇ, ಬೋರಿಂದು. ಸುಣ್ಣ ಕಟ್ತದೆ. ಇದಕ್ಕೆ ಬೇರೆ ತಂದೀನಿ.”

ಅವರು ನನ್ನ ಕೈಯ ಕ್ಯಾನನ್ನೂ ತಮ್ಮ ಬಕೆಟ್ಟನ್ನೂ ನೋಡಿದರು. “ನಾವು ಕುಡ್ಯೂದು ಇದನ್ನ ಅಲ್ರೀ ಸರ?”

ಮನುಷ್ಯನ ಮೈ ಸುಣ್ಣವನ್ನು ಬಳಸಿಕೊಳ್ಳುತ್ತದೆ, ಮಿಕ್ಕದ್ದನ್ನು ಹೊರಗೆ ಹಾಕುತ್ತದೆ, ರೇಡಿಯೇಟರಿಗೆ ಆ ಶಕ್ತಿ ಇಲ್ಲ ಎಂದು ಅಪ್ಪನ ಧಾಟಿಯಲ್ಲಿ ಪಾಠ ಮಾಡಬಹುದಿತ್ತು. ಅವರು ಕೇಳಿದ್ದು ಕೆಮಿಸ್ಟ್ರಿಯ ಪ್ರಶ್ನೆಯಾಗಿರಲಿಲ್ಲ. ಮೇಲಿನ ಮನೆಗಳಿಗೆಲ್ಲ ಫಿಲ್ಟರ್ ಇತ್ತು, ಗೇಟಿನ ಪಕ್ಕದ ಅವರ ಕೋಣೆಗೆ ನೇರ ಬೋರಿನ ಲೈನು. ಮುಂದಿನ ಅಸೋಸಿಯೇಷನ್ ಮೀಟಿಂಗಿನಲ್ಲಿ ಆ ಕೋಣೆಗೂ ಒಂದು ಫಿಲ್ಟರ್ ಹಾಕಿಸೋಣ ಎಂದು ಕೇಳಿದೆ. ಈ ವರ್ಷದ ಬಜೆಟ್ಟಿನಲ್ಲಿಲ್ಲ ಎಂದರು. ಗ್ಯಾರೇಜಿಗೆ ಕೊಡದೆ ಉಳಿದಿದ್ದ ಲೇಬರ್ ಚಾರ್ಜಿಗೆ ಇನ್ನಷ್ಟು ಸೇರಿಸಿದರೆ ಒಂದು ಫಿಲ್ಟರ್ ಬರುತ್ತಿತ್ತು. ತಂದು ಕೂರಿಸಿದೆವು. ನಲ್ಲಿಗೆ ಜೋಡಿಸುವ ಕೆಲಸವನ್ನು ಅವರೇ ಮಾಡಿಕೊಂಡರು. ನನ್ನ ಸ್ಪ್ಯಾನರ್ ಹಿಡಿಯುವ ರೀತಿ ಅವರಿಗೆ ಸರಿಬರಲಿಲ್ಲ.